ಆಂಟ್‌ವರ್ಪ್ ಬಂದರಿನ ದನಗಳು ಮತ್ತು ಬ್ರೆಜಿಲ್‌ನ ಹುಲ್ಲುಗಾವಲು

ಬ್ರೆಜಿಲ್ ಜಗತ್ತಿಗೆ ಮಾರುವ ದನದ ಮಾಂಸದ ಬಹುಪಾಲು ಹುಲ್ಲು ಮೇದು ಬೆಳೆದ ನೆಲೋರೆ ರಾಸುಗಳದ್ದು. ಈ ತಳಿಯ ಮೂಲ ಆಂಧ್ರದ ಒಂಗೋಲು. ನೇಗಿಲಿಗೂ ಬಂಡಿಗೂ ಹೂಡಲೆಂದು ರೈತರು ತಲೆಮಾರುಗಳಿಂದ ಆರಿಸಿ ಬೆಳೆಸಿದ ಬಿಳಿಯ ಎತ್ತುಗಳು ಅವು. ಮಾಂಸಕ್ಕಾಗಿ ಸಾಕುವ ಯೋಚನೆ ಅಲ್ಲಿನವರದ್ದಾಗಿರಲಿಲ್ಲ.

ಇಂಗ್ಲೆಂಡಿಗೆ ಹೊರಟಿದ್ದ ಹಡಗೊಂದು 1868ರಲ್ಲಿ ಬ್ರೆಜಿಲ್‌ನ ಸಾಲ್ವಡೋರ್ ಬಂದರಿನಲ್ಲಿ ತಂಗಿದಾಗ ಅದರಲ್ಲಿದ್ದ ಒಂಗೋಲು ರಾಸುಗಳ ಒಂದು ಜೋಡಿ ಅಲ್ಲೇ ಮಾರಾಟವಾಯಿತು. ಹತ್ತು ವರ್ಷಗಳ ನಂತರ ರಿಯೊ ಪ್ರಾಂತದ ಜಮೀನುದಾರ ಮನೋಯೆಲ್ ಲೆಮ್‌ಗ್ರೂಬರ್ ಹ್ಯಾಂಬರ್ಗ್‌ನ ಮೃಗಾಲಯದಲ್ಲಿ ಇದೇ ತಳಿಯನ್ನು ಕಂಡು ಮೆಚ್ಚಿ, ಒಂದು ಜೋಡಿಯನ್ನು ಕೊಂಡೊಯ್ದ. ಯುರೋಪಿನ ದನಗಳು ಬಿಸಿಲಿಗೂ ಉಣ್ಣಿಗೂ ಸೋಲುತ್ತಿದ್ದ ನೆಲದಲ್ಲಿ ಗಿಡ್ಡ ಕೂದಲು, ಕಪ್ಪು ಚರ್ಮ, ಜೋಲುವ ಗಂಗೆದೊಗಲಿನ ಈ ರಾಸುಗಳು ಒರಟು ಹುಲ್ಲನ್ನೇ ಮೇದು ಮೈತುಂಬಿಕೊಂಡವು. 1890ರ ದಶಕದಿಂದ ಉಬೆರಾಬ ಪಟ್ಟಣದ ವ್ಯಾಪಾರಿಗಳೇ ಭಾರತಕ್ಕೆ ಬಂದು ಕೊಳ್ಳತೊಡಗಿದರು.

ಜೊತೆಗೇ ಜಗಳವೂ ಹುಟ್ಟಿತು. ಸಾವೊ ಪಾಲೊದ ವೈದ್ಯ, ಚಿಂತಕ ಲೂಯಿಸ್ ಪೆರೇರ ಬರೆಟೊ ನಾಡತಳಿ ಕರಾಕುವಿನ ಪಕ್ಷ ವಹಿಸಿ ಭಾರತದ ಹಿಣಿಲಿನ ದನವನ್ನು ಕಟುವಾಗಿ ವಿರೋಧಿಸಿದ. ಉಬೆರಾಬದ ಸಾಕಣೆದಾರರು ಜಗ್ಗಲಿಲ್ಲ. 1919ರಲ್ಲಿ ತಮ್ಮ ತಳಿಗಳಿಗೆ ವಂಶಾವಳಿ ದಾಖಲೆಯನ್ನೇ ತೆರೆದರು.

ಮರುವರ್ಷವೇ ಸಂಕಟ ಬಂತು. ಭಾರತದಿಂದ ಬ್ರೆಜಿಲ್‌ಗೆ ಹೊರಟಿದ್ದ ದನಗಳನ್ನು ದಾರಿಯಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಇಳಿಸಲಾಯಿತು. ಅವುಗಳೊಡನೆ ದನಗಳ ಮಾರಕ ಸೋಂಕಾದ ದೊಡ್ಡರೋಗವೂ (ರಿಂಡರ್‌ಪೆಸ್ಟ್) ಇಳಿಯಿತು. ಭಾರತದ ರಾಸುಗಳು ಎಷ್ಟೋ ಸಲ ಈ ರೋಗವನ್ನು ತಾಳಿಕೊಳ್ಳುತ್ತಿದ್ದವು; ಯುರೋಪಿನ ದನಗಳಿಗೆ ಆ ಶಕ್ತಿಯಿರಲಿಲ್ಲ. ಸೋಂಕು ಬೆಲ್ಜಿಯಂನಲ್ಲಿ ಹಬ್ಬಿತು. ದಿಗಿಲುಗೊಂಡ ರಾಷ್ಟ್ರಗಳು 1921ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದವು. 1924ರ ಜನವರಿಯಲ್ಲಿ 28 ದೇಶಗಳ ಒಪ್ಪಂದದಿಂದ ಇಂದಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಹುಟ್ಟಿತು. ಅದೇ ಸಂಸ್ಥೆ 2011ರಲ್ಲಿ ದೊಡ್ಡರೋಗ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಸಾರಿತು. ಉಳುವ ಎತ್ತುಗಳ ನಾಡಿನಿಂದ ಹೊರಟ ಕೆಲವು ದನಗಳು ಜಗತ್ತಿನ ಪಶುವೈದ್ಯ ವ್ಯವಸ್ಥೆಯನ್ನೇ ಕಟ್ಟಿಸಿದವು. ಭಾರತದ ಗೋತಳಿಗಳ ಕಥೆ ಹೇಳುವಾಗ ಈ ಪ್ರಸಂಗವನ್ನು ಬಿಡುವುದು ದೊಡ್ಡ ಲೋಪ.

ಸಾವೊ ಪಾಲೊದಲ್ಲೂ ರೋಗ ಕಾಣಿಸಿದ್ದರಿಂದ ಬ್ರೆಜಿಲ್ ಭಾರತದ ದನಗಳ ಆಮದನ್ನು ನಿಷೇಧಿಸಿತು. ಆಮೇಲೆ ಅಪರೂಪಕ್ಕೆ ಮಾತ್ರ ಬಾಗಿಲು ತೆರೆಯಿತು. 1960ರ ದಶಕದ ಆರಂಭದ ಆಮದೇ ಕೊನೆಯ ದೊಡ್ಡದು. ಆಗ ಬಂದ, ಒಂಗೋಲು ಬಳಿಯ ಕರವದಿ ಊರಿನ ಹೆಸರು ಹೊತ್ತ ಹೋರಿಯ ರಕ್ತ ಇಂದಿನ ಅಸಂಖ್ಯ ನೆಲೋರೆಗಳಲ್ಲಿದೆ.

ಇನ್ನು ಹುಲ್ಲು. ಅದು ಬಂದದ್ದು ಆಫ್ರಿಕಾದಿಂದ. ಬ್ರಾಕಿಯಾರಿಯಾ ಜಾತಿಯ ಹುಲ್ಲುಗಳು, ಅದರಲ್ಲೂ 1984ರಲ್ಲಿ ಸರ್ಕಾರಿ ಸಂಶೋಧನಾ ಸಂಸ್ಥೆ ಎಂಬ್ರಾಪಾ ಬಿಡುಗಡೆ ಮಾಡಿದ ಮರಾಂಡು, ಸೆರಾಡೊ ಬಯಲಿನ ಸಾರವಿಲ್ಲದ ಹುಳಿಮಣ್ಣಿನಲ್ಲೂ ಹಬ್ಬಿದವು. ಧಾನ್ಯ ಕೊಳ್ಳದೆ ದನ ಬೆಳೆಸಬಹುದಾದ್ದರಿಂದ ಬ್ರೆಜಿಲ್‌ನ ಮಾಂಸ ಅಗ್ಗವಾಯಿತು. ಹುಲ್ಲಿನ ದನವೆಂಬುದೇ ರಫ್ತುದಾರರ ಪ್ರಚಾರದ ಮಾತಾಯಿತು. ಈ ಏಳಿಗೆಗೆ ಕಾಡೂ ಬಲಿಯಾಯಿತು. ಅಮೆಜಾನಿನಲ್ಲಿ ಕಡಿದ ನೆಲದ ಹೆಚ್ಚಿನ ಪಾಲು ಹುಲ್ಲುಗಾವಲಾಗಿದೆ.

ಇತ್ತ ತವರಿನಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ಒಂಗೋಲು ಎತ್ತಿಗೆ ಕೆಲಸ ಕಡಿಮೆಯಾಯಿತು, ಮೇವಿನ ನೆಲ ಕುಗ್ಗಿತು, ಶುದ್ಧ ತಳಿಯ ಹಿಂಡುಗಳು ಕರಗಿದವು. ಬ್ರೆಜಿಲ್‌ನಲ್ಲಿರುವ 20 ಕೋಟಿಗೂ ಮಿಕ್ಕಿದ ದನಗಳಲ್ಲಿ ಸುಮಾರು ಶೇ 80ರಷ್ಟು ಭಾರತೀಯ ಮೂಲದವು. ಅವುಗಳ ವಂಶಾವಳಿಯ ದಾಖಲೆ ಇರುವುದು ಉಬೆರಾಬದಲ್ಲಿ.