ದ್ವೀಪ ಆರಿಸುವ ಮುನ್ನ ಬಾವಿ ನೋಡಿ

ಕಡಮತ್‌ನಲ್ಲಿ ಕಂಡ ಬಾವಿಗೂ ಉಬ್ಬರವಿಳಿತವಿದೆ. ಕಡಲು ಏರಿದಾಗ ಅದರ ನೀರು ಏರುತ್ತದೆ, ಇಳಿದಾಗ ಇಳಿಯುತ್ತದೆ. ಆದರೂ ಕುಡಿದರೆ ಸಿಹಿ. ಲಕ್ಷದ್ವೀಪದ ಈ ದ್ವೀಪ ಸುಮಾರು 9 ಕಿ.ಮೀ. ಉದ್ದವಿದೆ, ಅಗಲ ಮಾತ್ರ ಹೆಚ್ಚಿದ್ದಲ್ಲೂ ಅರ್ಧ ಕಿ.ಮೀ.ಗಿಂತ ತುಸುವೇ ಜಾಸ್ತಿ. ಹೊಳೆಯಿಲ್ಲ, ತೊರೆಯಿಲ್ಲ, ಗುಡ್ಡವಿಲ್ಲ. ಮತ್ತೆ ಈ ಸಿಹಿನೀರು ಎಲ್ಲಿಂದ?

ಬಾವಿಯಿದ್ದ ಮನೆಯ ಹಿರಿಯರು ಪ್ರಾಯದಲ್ಲಿ ಮಂಜಿ ಎಂಬ ಸರಕು ದೋಣಿಯೇರಿ ಮಂಗಳೂರಿನ ಹಳೆ ಬಂದರಿಗೆ ಬಂದು ಹೋಗುತ್ತಿದ್ದವರು. ಅಲ್ಲಿ ಕಲಿತ ಕನ್ನಡದಲ್ಲೇ ಹೇಳಿದರು: "ಕೊಡದಲ್ಲಿ ಸೇದಿದರೆ ಸಿಹಿ ಬರ್ತದೆ. ಪಂಪಿನಲ್ಲಿ ಎಳೆದರೆ ಉಪ್ಪು ಬರ್ತದೆ."

ರಜೆಗೆ ಯಾವ ದ್ವೀಪ ಎಂದು ಯಾರಾದರೂ ಕೇಳಿದರೆ ಈಗ ನನ್ನ ಉತ್ತರ ಆ ಬಾವಿಯಿಂದಲೇ ಶುರುವಾಗುತ್ತದೆ.

ಹವಳದ ಮರಳು ಮಳೆನೀರನ್ನು ಹಾಗೇ ಕೆಳಗೆ ಬಿಡುತ್ತದೆ. ಅಡಿಯಲ್ಲಿರುವ ಉಪ್ಪುನೀರು ಭಾರ, ಮಳೆನೀರು ಹಗುರ. ಹಾಗಾಗಿ ಸಾರಿನ ಮೇಲೆ ತುಪ್ಪ ನಿಂತಂತೆ ಸಿಹಿನೀರು ಉಪ್ಪುನೀರಿನ ಮೇಲೆ ನಿಲ್ಲುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಡಚ್ ಎಂಜಿನಿಯರ್ ಬಾಡನ್ ಗೈಬೆನ್, 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್ ಬೇರೆಬೇರೆಯಾಗಿ ಇದರ ಲೆಕ್ಕ ಕಂಡುಕೊಂಡರು. ಸಿಹಿನೀರು ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲೆ ನಿಂತಿದ್ದರೆ ಕೆಳಗೆ ಸುಮಾರು 40 ಮೀಟರ್ ಆಳಕ್ಕೆ ಇಳಿದಿರುತ್ತದೆ. ತಿರುಗಿಸಿ ನೋಡಿದರೆ ಇದೇ ಲೆಕ್ಕ ಹೆದರಿಸುತ್ತದೆ: ಮೇಲಿನ ಮಟ್ಟ ಒಂದು ಗೇಣು ಇಳಿದರೆ ಅಡಿಯ ಉಪ್ಪು ನಲವತ್ತು ಗೇಣು ಮೇಲೇರಲು ಹವಣಿಸುತ್ತದೆ. ಸಪೂರ ಹವಳದ್ವೀಪದಲ್ಲಿ ಈ ಸಿಹಿನೀರಿನ ಪದರ ಇನ್ನೂ ತೆಳು, ಏಕೆಂದರೆ ಉಬ್ಬರವಿಳಿತ ಅದನ್ನು ದಿನವೂ ಕಲಕುತ್ತಿರುತ್ತದೆ. ಹಿರಿಯರ ಕೊಡದ ಮಾತಿನಲ್ಲಿ ಗೈಬೆನ್‌ರ ಸಮೀಕರಣವೇ ಅಡಗಿತ್ತು!

2024ರ ಜನವರಿಯಲ್ಲಿ ಪ್ರಧಾನಿಯವರು ಲಕ್ಷದ್ವೀಪಕ್ಕೆ ಭೇಟಿಯಿತ್ತು ಕಡಲತೀರದ ಚಿತ್ರಗಳನ್ನು ಹಂಚಿಕೊಂಡ ಮೇಲೆ ಎದ್ದ ಮಾಲ್ದೀವ್ಸೋ ಲಕ್ಷದ್ವೀಪವೋ ಎಂಬ ಚರ್ಚೆ ಎಲ್ಲರಿಗೂ ನೆನಪಿದೆ. ಅದೇ ಭೇಟಿಯಲ್ಲಿ ಕಡಮತ್‌ನಲ್ಲೊಂದು ಸಿಹಿನೀರು ಘಟಕ ಉದ್ಘಾಟನೆಯಾಯಿತು. ಬೆಚ್ಚಗಿನ ಮೇಲ್ಮೈ ನೀರನ್ನು ನಿರ್ವಾತದಲ್ಲಿ ಆವಿಯಾಗಿಸಿ, ಆಳ ಸಮುದ್ರದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುವ ಈ ವಿಧಾನ 2005ರಲ್ಲೇ ಲಕ್ಷದ್ವೀಪದ ಕವರತ್ತಿಯಲ್ಲಿ ಕೆಲಸ ಆರಂಭಿಸಿತ್ತು. ಕಡಮತ್ ಘಟಕದ ಸಾಮರ್ಥ್ಯ ದಿನಕ್ಕೆ 1.5 ಲಕ್ಷ ಲೀಟರ್. ದ್ವೀಪದಲ್ಲಿರುವವರು ಐದು ಸಾವಿರಕ್ಕೂ ಹೆಚ್ಚು ಜನ. ಅಂದರೆ ತಲೆಗೆ 30 ಲೀಟರೂ ಇಲ್ಲ. ಪಟ್ಟಣದಿಂದ ಹೋದ ನಾವು ಒಂದು ಷವರ್ ಸ್ನಾನಕ್ಕೇ ಅದಕ್ಕಿಂತ ಹೆಚ್ಚು ಸುರಿಯುತ್ತೇವೆ.

ಮಾಲ್ದೀವ್ಸ್‌ನ ರೆಸಾರ್ಟ್‌ಗಳು ಉಪ್ಪು ತೆಗೆಯುವ ಯಂತ್ರದ ನೀರನ್ನೇ ನಂಬಿವೆ. 2014ರ ಡಿಸೆಂಬರ್‌ನಲ್ಲಿ ರಾಜಧಾನಿ ಮಾಲೆಯ ಸಿಹಿನೀರು ಘಟಕಕ್ಕೆ ಬೆಂಕಿ ಬಿದ್ದಾಗ ಭಾರತ ವಿಮಾನದಲ್ಲಿ ಕುಡಿಯುವ ನೀರು ಕಳಿಸಬೇಕಾಯಿತು. ನೀರಿನ ಮೇಲೆ ಕಟ್ಟಿದ ವಿಲ್ಲಾಗಳ ಬಗ್ಗೆ ನನಗೆ ಮೋಹ ಹುಟ್ಟದಿರುವುದಕ್ಕೆ ಇದೂ ಕಾರಣ. ಅಂಡಮಾನಿನ ಕಥೆ ಬೇರೆ: ಬೆಟ್ಟ, ಕಾಡು, ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಆದರೂ ಶ್ರೀ ವಿಜಯಪುರಂ (ಹಿಂದಿನ ಪೋರ್ಟ್‌ಬ್ಲೇರ್) ಮುಖ್ಯವಾಗಿ ನೆಚ್ಚಿರುವುದು ಧನಿಕಾರಿ ಅಣೆಕಟ್ಟನ್ನು. ಬೇಸಿಗೆಯಲ್ಲಿ ಅಲ್ಲಿಯೂ ನೀರಿಗೆ ತತ್ವಾರ. ಜ್ವಾಲಾಮುಖಿಯಿಂದ ಎದ್ದ ಮಾರಿಷಸ್‌ಗೆ ಮಾರ್ ಓ ವಾಕ್ವಾದಂಥ ಜಲಾಶಯವಿದೆ.

ಲಕ್ಷದ್ವೀಪದ ಕಡೆಗೆ ನನ್ನ ಮನಸ್ಸು ವಾಲುವುದಕ್ಕೆ ಹಳೆಯ ನಂಟೂ ಇದೆ. ಕಡಮತ್ ಸೇರಿದ ಅಮಿನಿದಿವಿ ದ್ವೀಪಗಳು 1787ರಲ್ಲಿ ಟಿಪ್ಪುವಿನ ಆಡಳಿತಕ್ಕೆ ಬಂದವು, 1799ರ ಬಳಿಕ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ದಕ್ಷಿಣ ಕನ್ನಡದ ಭಾಗವಾದವು. 1956ರವರೆಗೂ ಹಾಗೇ ಇದ್ದವು. ಅಲ್ಲಿಯ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಇಲ್ಲಿಯ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಮಳೆಗಾಲ ಕಳೆದರೆ ಮಂಜಿಗಳು ಇಂದಿಗೂ ತರಕಾರಿ, ದಿನಸಿ, ಜಲ್ಲಿ ಹೊತ್ತು ಹಳೆ ಬಂದರಿನಿಂದ ಹೊರಡುತ್ತವೆ. ಪ್ರವಾಸಿಗರು ಹೆಚ್ಚಿದಷ್ಟೂ ಆ ಹೊರೆ ಹೆಚ್ಚುತ್ತದೆ.

ಆದ್ದರಿಂದ ನನ್ನ ಸಲಹೆ ಇದು. ಮಕ್ಕಳುಮರಿ ಸಮೇತ ದೊಡ್ಡ ಬಳಗವಾಗಿ ಹೋಗುವವರಿಗೆ ಅಂಡಮಾನ್ ಸರಿ, ಮಳೆಗಾಲ ಮುಗಿದ ಹೊಸದರಲ್ಲಿ ಹೋಗಿ. ಒಬ್ಬಿಬ್ಬರಾಗಿ ಹೋಗಿ ಹವಳ, ಮೀನು ನೋಡಬಯಸುವ, ಬಕೆಟ್ ನೀರಿನಲ್ಲಿ ಸ್ನಾನ ಮುಗಿಸಬಲ್ಲವರು ಲಕ್ಷದ್ವೀಪಕ್ಕೆ ಅನುಮತಿ ಪಡೆಯಲಿ. ಅನುಮತಿಯ ಓಡಾಟಕ್ಕೆ ಬೇಸರಪಡಬೇಡಿ. ಬಾವಿಗಳು ಸಿಹಿಯಾಗಿ ಉಳಿಯಲು ಆ ತಡೆಯೂ ನೆರವಾಗುತ್ತದೆ. ಯಾವ ದ್ವೀಪಕ್ಕಾದರೂ ಸರಿ, ಕೋಣೆ ಕಾದಿರಿಸುವ ಮೊದಲು ಎರಡು ಪ್ರಶ್ನೆ ಕೇಳಿ: ನಿಮ್ಮ ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ? ನೇರ ಉತ್ತರ ಕೊಡುವವರಲ್ಲಿ ಮಾತ್ರ ಉಳಿದುಕೊಳ್ಳಿ.