ಹೆಸರು ಉದ್ದವೋ, ಹಾದಿ ಉದ್ದವೋ?

ಊರಿನ ಹೆಸರು, ತಂದೆಯ ಹೆಸರು, ಸ್ವಂತ ಹೆಸರು, ಮನೆತನದ ಹೆಸರು ಇಷ್ಟನ್ನೂ ಹೊತ್ತು ಪರಸ್ಥಳಕ್ಕೆ ಬಂದವರು ನಾವು. ಅರ್ಜಿಯ ಪುಟ್ಟ ಪುಟ್ಟ ಚೌಕಗಳಲ್ಲಿ ಅದನ್ನು ಹಿಡಿಸಲಾರದೆ ಎಷ್ಟು ಸಲ ಪೇಚಾಡಿಲ್ಲ! ಅದೇ ಪೇಚಾಟ ಈಗ ನಮ್ಮ ಮಕ್ಕಳಿಗೆ ಕಂಪ್ಯೂಟರಿನ ಮುಂದೆ ಒದಗಿದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಕೆಲವು ತರುಣರು ಚಿಕ್ಕ ಮಕ್ಕಳಿಗಾಗಿ ಕನ್ನಡ ಗಾದೆಗಳ ಆಟವೊಂದರ ತಂತ್ರಾಂಶವನ್ನು ಕಟ್ಟತೊಡಗಿದರು. ಪ್ರತಿಯೊಂದು ಧ್ವನಿಯ ಕಡತಕ್ಕೂ ಆಯಾ ಗಾದೆಯೇ ಹೆಸರು. ಒಬ್ಬನ ಯಂತ್ರದಲ್ಲಿ ಸರಾಗವಾಗಿ ನಡೆದದ್ದು ಇನ್ನೊಬ್ಬನಲ್ಲಿ ‘ಕಡತ ಸಿಕ್ಕಲಿಲ್ಲ’ ಎಂದು ನಿಂತುಬಿಟ್ಟಿತು. ಕಡತವೋ ಕಣ್ಣೆದುರಿಗೇ ಇದೆ! “ಕನ್ನಡದ ಹೆಸರಿಟ್ಟದ್ದೇ ತಪ್ಪು, ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸೋಣ” ಎಂದನೊಬ್ಬ. ನಮಗೆ ಆ ಮಾತು ಹಿಡಿಸಲಿಲ್ಲ. ತಪ್ಪು ಎಲ್ಲಿದೆಯೆಂದು ಮೊದಲು ನೋಡೋಣ ಎಂದೆವು.

ಕಡತದ ಪೂರ್ಣ ಹೆಸರು ಊರಿಗೆ ಬರೆಯುವ ಕಾಗದದ ವಿಳಾಸವಿದ್ದಂತೆ. ಜಿಲ್ಲೆ, ತಾಲ್ಲೂಕು, ಗ್ರಾಮ, ಕೇರಿ, ಮನೆ ಎಂದು ಬರೆಯುವ ಹಾಗೆಯೇ ಡ್ರೈವು, ಫೋಲ್ಡರು, ಅದರೊಳಗಿನ ಫೋಲ್ಡರು, ಕೊನೆಗೆ ಕಡತ. ಇವೆಲ್ಲ ಸೇರಿದರೆ ಒಂದು ಹಾದಿ. ಈ ಇಡೀ ಹಾದಿಗೆ ವಿಂಡೋಸ್ ವ್ಯವಸ್ಥೆಯಲ್ಲಿ ಬಹುಕಾಲದಿಂದ ಗೊತ್ತಾಗಿರುವ ಮಿತಿ ೨೬೦. ಕೊನೆಯ ಒಂದು ಸ್ಥಾನ ಕಾಣದ ಮುಕ್ತಾಯದ ಗುರುತಿಗೆ ಹೋಗಿ, ನಮಗೆ ಉಳಿಯುವುದು ೨೫೯. ಡಾಸ್ ಕಾಲದಲ್ಲಿ ಕಡತದ ಹೆಸರು ೮ ಅಕ್ಷರ, ಚುಕ್ಕೆ, ಮತ್ತೆ ೩ ಅಕ್ಷರ. ವಿಂಡೋಸ್ ೯೫ ಬಂದಾಗ ಹೆಸರು ಬೆಳೆಯಿತು. ಹಾದಿಗೆ ಮಾತ್ರ ಮಿತಿ ತಪ್ಪಲಿಲ್ಲ. ಹಳೆಯ ತಂತ್ರಾಂಶಗಳು ಹಾದಿಗೆಂದು ಅಷ್ಟೇ ಜಾಗವನ್ನು ಕಾದಿರಿಸುತ್ತಿದ್ದುದರಿಂದ ಮಿತಿಯನ್ನು ಥಟ್ಟನೆ ತೆಗೆಯುವಂತಿರಲಿಲ್ಲ.

ಇಷ್ಟು ತಿಳಿದ ಮೇಲೆ ಎರಡು ಯಂತ್ರಗಳನ್ನೂ ಹೋಲಿಸಿದೆವು. ಮೊದಲನೆಯವನು ಕೆಲಸವನ್ನು ಡ್ರೈವಿನ ಬುಡದಲ್ಲೇ ಇಟ್ಟಿದ್ದ; ಎರಡನೆಯವನು ಎಂಟು ಫೋಲ್ಡರುಗಳ ಒಳಗೆ. ಸಾಲದುದಕ್ಕೆ, ತಂತ್ರಾಂಶ ಕಟ್ಟುವಾಗ ಉಪಕರಣಗಳೂ ತಮ್ಮ ಫೋಲ್ಡರುಗಳನ್ನು ಸೇರಿಸುತ್ತವೆ. ಅಷ್ಟೇ ಉದ್ದದ ಇಂಗ್ಲಿಷ್ ಹೆಸರಾಗಿದ್ದರೂ ಅಲ್ಲಿ ಸೋಲುತ್ತಿತ್ತು.

ಉಪಾಯಗಳು ಸುಲಭ. ಮೊದಲನೆಯದು, ಕೆಲಸದ ಫೋಲ್ಡರನ್ನು ಡ್ರೈವಿನ ಬುಡಕ್ಕೆ ತರುವುದು. ಎರಡನೆಯದು, ‘ಸಬ್ಸ್ಟ್’ ಎಂಬ ಆಜ್ಞೆಯಿಂದ ದೂರದ ಫೋಲ್ಡರಿಗೆ ಒಂದು ಡ್ರೈವಿನ ಅಕ್ಷರವನ್ನೇ ಕೊಡುವುದು. ಉದ್ದ ವಿಳಾಸಕ್ಕೆ ಬದಲಾಗಿ ಅಂಚೆಪೆಟ್ಟಿಗೆಯ ಸಂಖ್ಯೆ ಕೊಟ್ಟಂತೆ ಇದು; ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಪುನಃ ಕೊಡಬೇಕು. ಮೂರನೆಯದು, ೨೦೧೬ರಲ್ಲಿ ವಿಂಡೋಸ್ ೧೦ರ ಪರಿಷ್ಕರಣೆಯೊಂದರಿಂದ ದೊರೆತ ಅನುಕೂಲ: ಉದ್ದ ಹಾದಿಗಳಿಗೆ ಅನುಮತಿ ಕೊಡುವ ಏರ್ಪಾಡು. ಆದರೆ ಬಾಗಿಲು ತೆರೆದರೆ ಸಾಲದು. ಬಳಸುವ ತಂತ್ರಾಂಶವೂ ತಾನು ಸಿದ್ಧವೆಂದು ಸಾರಿರಬೇಕು. ಗಿಟ್ ಬಳಸುವವರು ಅದರ ‘ಲಾಂಗ್‌ಪಾತ್ಸ್’ ಏರ್ಪಾಡನ್ನು ಬೇರೆಯಾಗಿಯೇ ತೆರೆಯಬೇಕು.

ಕನ್ನಡಕ್ಕೆ ತೊಡಕೇ ಇಲ್ಲವೆಂದರೆ ಸುಳ್ಳಾದೀತು. ‘ಶಾಸ್ತ್ರ’ದಲ್ಲಿನ ‘ಸ್ತ್ರ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯಂತ್ರಕ್ಕೆ ಸ, ತ, ರ ಎಂಬ ಮೂರು, ನಡುವಿನ ಎರಡು ವಿರಾಮ ಚಿಹ್ನೆ, ಒಟ್ಟು ೫. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಹೆಸರಿನ ಮಿತಿ ೨೫೫ ಬೈಟು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟಾದರೆ ಕನ್ನಡದ ಒಂದೊಂದು ಚಿಹ್ನೆಗೂ ೩. ಅಲ್ಲಿಗೆ ೮೫ ಚಿಹ್ನೆಗಳಿಗೆ ಹೆಸರು ಮುಗಿಯಿತು. ವಿಂಡೋಸ್‌ನಲ್ಲಿ ಹಿಡಿಸಿದ ನೂರು ಚಿಹ್ನೆಯ ಹೆಸರು ಅಲ್ಲಿ ಹಿಡಿಸದು. ಆದರೂ ಒಂದು ಗಾದೆಗೆ ೮೫ ಸಾಕಷ್ಟಾಯಿತು! ‘ಹನಿಗೂಡಿದರೆ ಹಳ್ಳ ತೆನೆಗೂಡಿದರೆ ಬಳ್ಳ’ ಎಂಬುದಕ್ಕೆ ನಡುವಿನ ತೆರಪುಗಳೂ ಸೇರಿ ೩೨ ಮಾತ್ರ.

ತರುಣರು ಎಂಟು ಫೋಲ್ಡರುಗಳನ್ನು ಬಿಟ್ಟು ಬುಡಕ್ಕೆ ಬಂದರು; ಆಟ ಎರಡು ಯಂತ್ರಗಳಲ್ಲಿಯೂ ನಡೆಯಿತು. ಗಾದೆಗಳ ಹೆಸರು ಗಾದೆಗಳಾಗಿಯೇ ಉಳಿದವು. ಇಂಗ್ಲಿಷಿಗೆ ತಿರುಗಿಸೋಣ ಎಂದಿದ್ದ ಹುಡುಗನೇ ಈಗ ಹೊಸ ಗಾದೆಗಳಿಗಾಗಿ ಅಜ್ಜಿಯನ್ನು ಕಾಡುತ್ತಿದ್ದಾನೆ. ನಿಮ್ಮ ಮನೆಯ ಮಕ್ಕಳೂ ಇಂಥ ಕೆಲಸಕ್ಕೆ ಕೈಹಾಕಿದ್ದರೆ ನಮಗೆ ಬರೆದು ತಿಳಿಸಿರಿ. ತೊಡಕು ಬಂದಾಗ ಹೆಸರನ್ನು ಕತ್ತರಿಸುವ ಮುನ್ನ ಹಾದಿಯನ್ನೊಮ್ಮೆ ಅಳೆಯಹೇಳಿರಿ.