ದೋಣಿ ಸೋರುತ್ತಿದೆಯೇ? ತೋಡಿ ಚೆಲ್ಲಿದರೆ ಸಾಲದು



ಹೊಳೆಯಂಚಿನ ಊರುಗಳಲ್ಲಿ ದೋಣಿಯೆಂದರೆ ಎತ್ತಿನ ಗಾಡಿಯಿದ್ದಂತೆ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವವರಿಗೆ ಇದನ್ನು ಹೇಳಬೇಕಾಗಿಲ್ಲ. ಬೆಳಿಗ್ಗೆ ದೋಣಿಯ ತಳದಲ್ಲಿ ನೀರು ಕಂಡರೆ ತೋಡಿ ಚೆಲ್ಲಿ, ಮೂಟೆ ಹೇರಿ ಹೊರಟುಬಿಡುವವರು ಬಹಳ. ಇದು ಅಪಾಯದ ರೂಢಿ.

ಲೆಕ್ಕ ಹಾಕಿ ನೋಡಿರಿ. ನಿಮಿಷಕ್ಕೆ ಕಾಲು ಲೀಟರು ಸೋರಿದರೆ ಗಂಟೆಗೆ 15 ಲೀಟರು. ರಾತ್ರಿಯ 8 ಗಂಟೆಗಳಲ್ಲಿ 120 ಲೀಟರು. ಅಂದರೆ 120 ಕಿಲೋ. ಇಬ್ಬರು ಗಟ್ಟಿ ಆಳುಗಳು ಹತ್ತಿ ಕುಳಿತಷ್ಟು ಭಾರ. ಆಳುಗಳಾದರೆ ಕುಳಿತಲ್ಲೇ ಕುಳಿತಾರು. ನೀರು ಹಾಗಲ್ಲ. ಗಾಳಿಗೆ ದೋಣಿ ಯಾವ ಕಡೆಗೆ ವಾಲುವುದೋ ಆ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತದೆ. ಹಾಯಿ ಏರಿಸಿದ ಸಣ್ಣ ದೋಣಿ ಮಗುಚಲು ಇಷ್ಟು ಸಾಕು.

ಸೋರುವುದೇಕೆ?

ಬೇಸಗೆಯಲ್ಲಿ ದಡದ ಮೇಲಿದ್ದ ದೋಣಿಯ ಮರ ಒಣಗಿ ಕುಗ್ಗುತ್ತದೆ. ಹಲಗೆಗಳ ನಡುವಿನ ಸಂದು ಬಿಡುತ್ತದೆ. ನೀರಿಗಿಳಿಸಿದ ಕೂಡಲೆ ಸೋರಿದರೆ ಗಾಬರಿ ಬೇಡ. ಆಳವಿಲ್ಲದ ಕಡೆ ಕಟ್ಟಿ ಎರಡು ಮೂರು ದಿನ ನೆನೆಯಲು ಬಿಡಿರಿ. ಮರ ಉಬ್ಬಿ ಸಣ್ಣ ಸಂದುಗಳು ತಾವಾಗಿ ಕೂಡುತ್ತವೆ. ಆಮೇಲೂ ನಿಲ್ಲದಿದ್ದರೆ ಹುಡುಕಲೇಬೇಕು.

ಹಾಯಿ ಏರಿಸಿದಾಗ ಮಾತ್ರ ಸೋರುವುದೇ? ಹಾಗಾದರೆ ದೋಣಿ ವಾಲಿದಾಗ ಮುಳುಗುವ ಮೇಲಿನ ಹಲಗೆಗಳನ್ನೂ, ಹಾಯಿಕಂಬದ ಬುಡವನ್ನೂ ಪರೀಕ್ಷಿಸಿರಿ.

ಹುಡುಕುವ ಬಗೆ

ದೋಣಿ ನೀರಿನಲ್ಲಿರುವಾಗಲೇ ಒಳಗನ್ನು ಒರಸಿ, ಒಣ ಬೂದಿ ಉದುರಿಸಿರಿ. ಒದ್ದೆಯಾದಲ್ಲಿ ಬೂದಿ ಕಪ್ಪಾಗುತ್ತದೆ. ನೀರು ಅಡ್ಡಮರಗಳ ಬದಿಯಲ್ಲಿ ಹರಿದುಬರುವುದರಿಂದ, ನಿಂತಲ್ಲೇ ತೂತಿದೆಯೆಂದು ತಿಳಿಯಬೇಡಿರಿ. ಹರಿದುಬಂದ ದಾರಿಯನ್ನು ಹಿಡಿದು ಹೋಗಿರಿ.

ಇನ್ನೊಂದು ಬಗೆಯೂ ಉಂಟು. ದೋಣಿಯನ್ನು ದಡಕ್ಕೇರಿಸಿ, ತಳಕ್ಕೆ ಅಲ್ಲಲ್ಲಿ ದಿಮ್ಮಿಗಳ ಆಧಾರ ಕೊಟ್ಟು, ಒಳಗೆ ಮೂರು ನಾಲ್ಕು ಅಂಗುಲ ನೀರು ತುಂಬಿರಿ. ಹೊರಗೆ ಹನಿಯುವಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿರಿ. ಹೆಚ್ಚು ತುಂಬಿದರೆ ನೀರಿನ ಭಾರಕ್ಕೆ ಹಲಗೆಯೇ ಬಿರಿದೀತು, ಎಚ್ಚರಿಕೆ.

ಸರಿಪಡಿಸುವ ಬಗೆ

ಗುರುತು ಹಾಕಿದಲ್ಲಿ ಚಾಕುವಿನ ಮೊನೆಯಿಂದ ಚುಚ್ಚಿರಿ. ಮರ ಮೆತ್ತಗಿದ್ದರೆ ಕೊಳೆತಿದೆ. ಆ ಹಲಗೆಯನ್ನೇ ಬದಲಿಸಬೇಕು. ಉಪ್ಪುನೀರಿನಲ್ಲಿ ಕಬ್ಬಿಣದ ಮೊಳೆ ತುಕ್ಕು ತಿಂದು ಸಡಿಲವಾಗುತ್ತದೆ. ತಾಮ್ರದ ಮೊಳೆ ಹೆಚ್ಚು ಬಾಳುತ್ತದೆ.

ಮರ ಗಟ್ಟಿಯಿದ್ದರೆ ಸಂದಿನೊಳಗಿನ ಹಳೆಯದೆಲ್ಲವನ್ನೂ ಕೆರೆದು, ಚೆನ್ನಾಗಿ ಒಣಗಿಸಿರಿ. ಎಣ್ಣೆಯಲ್ಲಿ ನೆನೆಸಿದ ಹತ್ತಿಯ ಬತ್ತಿಯನ್ನು ಮೊಂಡು ಉಳಿಯಿಂದ ಮೆಲ್ಲಗೆ ತುಂಬಿ, ಮೇಲೆ ರಾಳ ಮತ್ತು ಎಣ್ಣೆ ಕಾಯಿಸಿ ಕೂಡಿಸಿದ ಮೇಣವನ್ನು ಮೆತ್ತಿರಿ. ರಾಳ ಬೇಗ ಹೊತ್ತಿಕೊಳ್ಳುವುದರಿಂದ ಬಯಲಿನಲ್ಲಿ, ಸಣ್ಣ ಉರಿಯಲ್ಲಿ ಕಾಯಿಸಿರಿ. ಬತ್ತಿಯನ್ನು ಬಿಗಿಯಾಗಿ ಜಡಿದರೆ ಮರ ಉಬ್ಬಿದಾಗ ಹಲಗೆಗಳು ಮೊಳೆ ಕಿತ್ತುಕೊಂಡು ಬಿಡುತ್ತವೆ. ಸಿಮೆಂಟು ಹಾಕಬೇಡಿರಿ, ಮರ ಕುಗ್ಗಿ ಹಿಗ್ಗುವಾಗ ಅದು ಒಡೆದು ಉದುರುತ್ತದೆ. ಫೈಬರ್ ದೋಣಿಗೆ ಈ ಕ್ರಮವಲ್ಲ. ಬಿರುಕನ್ನು ಉಜ್ಜಿ ಒಣಗಿಸಿ, ಗಾಜಿನ ಎಳೆಯ ಬಟ್ಟೆಯನ್ನು ರೆಸಿನ್ ಹಚ್ಚಿ ಅಂಟಿಸಬೇಕು.

ಕಾಣದ ಶತ್ರು

ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳುವೊಂದುಂಟು. ಹುಳುವೆಂದರೂ ಅದು ಚಿಪ್ಪಿಮೀನಿನ ಜಾತಿಯದು. ಸೂಜಿಮೊನೆಯಷ್ಟು ತೂತಿನಿಂದ ಮರಿಯಾಗಿ ಹೊಕ್ಕು, ಒಳಗೇ ಬೆಳೆದು ಹಲಗೆಯನ್ನು ಟೊಳ್ಳು ಮಾಡುತ್ತದೆ. ಹೊರಗೆ ಏನೂ ಕಾಣದು. ಸುತ್ತಿಗೆಯಿಂದ ತಟ್ಟಿ ನೋಡಿರಿ. ಟೊಳ್ಳು ಸದ್ದು ಬಂದರೆ ಬಡಗಿಯನ್ನು ಕರೆಯಿರಿ. ಆಗಾಗ ದೋಣಿಯನ್ನು ದಡಕ್ಕೇರಿಸಿ ಒಣಗಿಸುವುದು, ತಳಕ್ಕೆ ಬಣ್ಣ ಬಳಿಯುವುದು ಇದರ ಹಾವಳಿಯನ್ನು ತಗ್ಗಿಸುತ್ತವೆ.

ನಡುಹೊಳೆಯಲ್ಲಿ

ಕಿರುಬೆರಳು ಹೋಗುವಷ್ಟು ತೂತು ನೀರಿನ ಮಟ್ಟದಿಂದ ಒಂದಡಿ ಕೆಳಗಿದ್ದರೆ ನಿಮಿಷಕ್ಕೆ ಎಂಟೊಂಬತ್ತು ಲೀಟರು ನೀರು ನುಗ್ಗುತ್ತದೆ. ಆದುದರಿಂದ ಮೆದುಮರದ ನಾಲ್ಕಾರು ಬೆಣೆ, ಹಳೆಯ ಬಟ್ಟೆ, ನೀರು ತೋಡುವ ಡಬ್ಬಿ ಇವು ದೋಣಿಯಲ್ಲಿ ಸದಾ ಇರಲಿ. ಬೆಣೆಗೆ ಬಟ್ಟೆ ಸುತ್ತಿ ತೂತಿಗೆ ಒತ್ತಿ, ಹಾಯಿ ಇಳಿಸಿ, ಹತ್ತಿರದ ದಡ ಸೇರಿರಿ. ಮಕ್ಕಳನ್ನು ಕೂರಿಸುವಾಗ ತೇಲುವ ಅಂಗಿ ತೊಡಿಸಲು ಮರೆಯಬೇಡಿರಿ.

ಹನಿ ಕೂಡಿದರೆ ಹಳ್ಳ ಎಂಬುದು ಹೊಲಕ್ಕೆ ಒಳ್ಳೆಯ ಮಾತು, ದೋಣಿಗಲ್ಲ. ಕೊಯ್ಲಿನ ಮೂಟೆಗಳನ್ನು ಹೇರುವ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮ ದೋಣಿಯ ಸಂದುಗಳನ್ನು ನೋಡಿಕೊಳ್ಳಿರಿ. ನೀವು ಹೇರುವುದು ಭತ್ತವನ್ನಷ್ಟೇ ಅಲ್ಲ, ಮನೆಮಂದಿಯನ್ನೂ.